ಗರುಡ ಬಂದಾಗ ಕ್ಯಾಮೆರಾ ‘ಬ್ಯುಸಿ’

ನಮ್ಮೂರ ತೇರಿಗೆ ಒಂದು ಕಟ್ಟುಪಾಡು ಇದೆ. ಹೂವಿನ ಅಲಂಕಾರ ಮುಗಿದಿರಲಿ, ಪೂಜೆ ಆಗಿರಲಿ, ಹಗ್ಗ ಹಿಡಿದವರ ಕೈ ಬೆವರಿರಲಿ, ಗರುಡ ಬಂದು ಕಳಸದ ಮೇಲೆ ಒಂದು ಸುತ್ತು ಹಾಕುವ ತನಕ ತೇರು ಅಲುಗುವಂತಿಲ್ಲ. ಚನ್ನರಾಯಪಟ್ಟಣದ ಆಸುಪಾಸಿನ ನಮ್ಮೂರಿಗೆ ಮಾತ್ರ ಇರುವ ನಂಬಿಕೆಯೇನಲ್ಲ ಇದು, ನಮ್ಮ ರಾಜ್ಯದ ಎಷ್ಟೋ ಊರುಗಳ ತೇರಿನಲ್ಲಿ ಹೀಗೇ ಜನ ಕತ್ತೆತ್ತಿ ಕಾಯುತ್ತಾರೆ. ಅದೂ ಬರುತ್ತದೆ. ನಾನು ಹುಟ್ಟಿದಾಗಿನಿಂದ ಒಂದು ವರ್ಷವೂ ತಪ್ಪಿಸಿಲ್ಲ. ಅಷ್ಟು ಜನ ಸೇರಿ, ಅಷ್ಟು ಬಾಳೆಹಣ್ಣು, ತೆಂಗಿನಕಾಯಿ ಚೆಲ್ಲಾಡುವ ಕಡೆ ಹದ್ದು, ಗರುಡ ಹಾರದೆ ಇನ್ನೇನು ಎಂದು ನಾನು ಒಮ್ಮೆ ಅಜ್ಜಿಯ ಹತ್ತಿರ ವಾದ ಮಾಡಿದ್ದೆ. ಅವಳು ಅಡಿಕೆ ಕತ್ತರಿಸುವುದನ್ನು ನಿಲ್ಲಿಸದೇ, “ಹಂಗಾರೆ ನಾಳೆ ಕರಿ, ಬರ್ತದ ನೋಡಾನ” ಎಂದಿದ್ದಳು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಕಳೆದ ವರ್ಷ ತೇರಿಗೆಂದು ಹಾಸ್ಟೆಲ್‌ನಿಂದ ಊರಿಗೆ ಹೊರಟಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಚಿತ್ರ. ನೀಲಿ ಆಕಾಶ, ಬಿಸಿಲಿಗೆ ಹೊಳೆಯುವ ಕಳಸ, ಸರಿಯಾಗಿ ಅದರ ನೆತ್ತಿಯ ಮೇಲೆ ರೆಕ್ಕೆ ಬಿಚ್ಚಿದ ಗರುಡ. ಬಿಳಿ ಎದೆ, ಇಟ್ಟಿಗೆ ಬಣ್ಣದ ರೆಕ್ಕೆ. ನಮ್ಮೂರಿನ ಹುಡುಗರ ಸ್ಟೇಟಸ್‌ಗಳಲ್ಲಿ ಪ್ರತಿ ವರ್ಷ ಗರುಡದ ಫೋಟೊ ಬರುತ್ತದೆ, ಆದರೆ ಮೊಬೈಲ್‌ನಲ್ಲಿ ತೆಗೆದ ಆ ಫೋಟೊಗಳಲ್ಲಿ ಗರುಡ ಎಂದರೆ ಒಂದು ಚುಕ್ಕೆ. ಅದರ ಸುತ್ತ ಕೆಂಪು ಬಣ್ಣದಲ್ಲಿ ವೃತ್ತ ಎಳೆದು ‘ನೋಡಿ’ ಎಂದು ಬರೆದಿರುತ್ತಾರೆ. ನನ್ನದು ಹಾಗಾಗಬಾರದು. ಅದಕ್ಕಾಗಿಯೇ ಹಾಸ್ಟೆಲ್‌ನ ಸೀನಿಯರ್ ಒಬ್ಬರಿಂದ ಡಿಎಸ್ಎಲ್ಆರ್ ಕ್ಯಾಮೆರಾ, ಜೊತೆಗೆ 55–250 ಮಿ.ಮೀ. ಜೂಮ್ ಲೆನ್ಸ್ ಕೇಳಿ ತಂದಿದ್ದೆ. ಬದಲಿಗೆ ಅವರ ಎರಡು ಲ್ಯಾಬ್ ರೆಕಾರ್ಡ್ ನಾನು ಬರೆದುಕೊಡಬೇಕು ಎಂಬ ಒಪ್ಪಂದ. ಎಂಜಿನಿಯರಿಂಗ್ ಓದುವವರಿಗೆ ಇದು ಎಷ್ಟು ದುಬಾರಿ ಬಾಡಿಗೆ ಎಂದು ಬಿಡಿಸಿ ಹೇಳಬೇಕಿಲ್ಲ.

ತೇರುಬೀದಿಯಲ್ಲಿ ಒಂದು ಮನೆಯ ಜಗುಲಿಯ ಮೇಲೆ ಅಜ್ಜಿ ಬೆಳಿಗ್ಗೆಯೇ ಹೋಗಿ ಕೂತು ಜಾಗ ಹಿಡಿದಿದ್ದಳು. ಕೈಯಲ್ಲಿ ದವನ ಸಿಕ್ಕಿಸಿದ ಬಾಳೆಹಣ್ಣು. “ಬಾರೆ ಇಲ್ಲಿ, ನೆಳ್ಳೈತೆ. ಜಾಗ ಮಡಗಿವ್ನಿ” ಎಂದು ಕೂಗಿದಳು. ಅಲ್ಲಿಂದ ಆ್ಯಂಗಲ್ ಸರಿ ಬರುವುದಿಲ್ಲ ಎಂದೆ. ಅವಳಿಗೆ ಏನು ಅರ್ಥವಾಯಿತೋ, “ಸರಿ ಬಿಡು, ಬಿಸ್ಲಾಗೆ ಸಾಯಿ” ಎಂದು ಪಕ್ಕದವರ ಜೊತೆ ಮಾತಿಗೆ ತೊಡಗಿದಳು. ನಾನು ಜಗುಲಿಯಿಂದ ಇಪ್ಪತ್ತು ಅಡಿ ದೂರದಲ್ಲಿ, ನಡುಬೀದಿಯಲ್ಲಿ ನಿಂತೆ.

ಮಧ್ಯಾಹ್ನ ಹನ್ನೆರಡೂವರೆ ದಾಟಿತ್ತು. ಯಾರೋ “ಬಂತು! ಬಂತು!” ಎಂದು ಕೂಗಿದರು. ಎಲ್ಲರ ಕತ್ತೂ ಮೇಲೆ. ನಾನು ಕ್ಯಾಮೆರಾ ಎತ್ತಿ ಶಟರ್ ಒತ್ತಿ ಹಿಡಿದೆ. ಚಟಚಟ ಎಂದು ಫೋಟೊಗಳು ಬಿದ್ದವು. ಬಂದದ್ದು ಗರುಡ ಅಲ್ಲ, ಮಾಮೂಲಿ ಹದ್ದು. ಜನ ನಕ್ಕರು. ನಗು ಮುಗಿಯುವಷ್ಟರಲ್ಲಿ ತೆಂಗಿನ ತೋಟದ ಕಡೆಯಿಂದ ಅದು ನಿಜವಾಗಿಯೂ ಬಂತು. ನನ್ನ ಬೆರಳು ಶಟರ್ ಮೇಲೇ ಇತ್ತು. ಒತ್ತಿದೆ. ಕ್ಯಾಮೆರಾ ಮಾತಾಡಲಿಲ್ಲ. ಮತ್ತೆ ಒತ್ತಿದೆ. ಒಳಗೆ ಸಣ್ಣ ಅಕ್ಷರದಲ್ಲಿ ‘ಬ್ಯುಸಿ’ ಎಂದು ತೋರಿಸುತ್ತಿತ್ತು. ಹಿಂದೆ ಕೆಂಪು ದೀಪ ಮಿನುಗುತ್ತಿತ್ತು. ಬೀದಿಗೆ ಬೀದಿಯೇ ಕೈ ಮುಗಿದು ಕೂಗುತ್ತಿದ್ದರೆ ನಾನು ಮಾತ್ರ ತಲೆ ತಗ್ಗಿಸಿ ಕ್ಯಾಮೆರಾದ ಹಿಂಬದಿ ನೋಡುತ್ತಿದ್ದೆ. ಹಗ್ಗ ಎಳೆಯುವವರ ನೂಕುನುಗ್ಗಲಿನಲ್ಲಿ ಯಾರದೋ ಭುಜ ತಗುಲಿ ಅರ್ಧ ತಿರುಗಿದೆ. ಆಗ ಚಟ್ ಚಟ್ ಎಂದು ಎರಡು ಫೋಟೊ ತಾನಾಗಿ ಬಿದ್ದ ಸದ್ದು ಕೇಳಿಸಿತು. ತಲೆ ಎತ್ತಿದರೆ ಆಕಾಶ ಖಾಲಿ. ತೇರು ಹೊರಟಿತ್ತು.

“ಫೋಟೊ ಬಂತೇನೆ?” ಎಂದು ಅಜ್ಜಿ ರಾತ್ರಿ ಕೇಳಿದಳು. ಇಲ್ಲ ಎಂದೆ. “ಗರುಡನ್ನಾದ್ರೂ ನೋಡ್ದ?” ಅದಕ್ಕೂ ಇಲ್ಲ. ಅವಳು ಬಿದ್ದು ಬಿದ್ದು ನಕ್ಕಳು, ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು. ಮುಂದಿನ ಎರಡು ಹಲ್ಲು ಹೋದ ಮೇಲೆ ಅವಳು ನಗುತ್ತಿದ್ದದ್ದೇ ಹಾಗೆ.

ಆಮೇಲೆ ಹಾಸ್ಟೆಲ್‌ಗೆ ಬಂದು ರೆಕಾರ್ಡ್ ಬರೆಯುತ್ತಾ ಕೂತಾಗ ನನ್ನ ತಪ್ಪು ಎಲ್ಲಾಯಿತು ಎಂದು ಯೋಚಿಸಿದೆ. ಸೀನಿಯರ್ ತಮ್ಮ ಕ್ಯಾಮೆರಾವನ್ನು ರಾ ಫೈಲ್ ಉಳಿಸುವ ಹಾಗೆ ಇಟ್ಟುಕೊಂಡಿದ್ದರು. ಸೆನ್ಸರ್ ಮೇಲೆ ಬಿದ್ದ ಬೆಳಕಿನ ಲೆಕ್ಕವನ್ನೆಲ್ಲ ಇಡಿಯಾಗಿ ಹೊತ್ತಿರುವ ಫೈಲ್ ಅದು, ಬಹಳ ಭಾರ. ಒತ್ತಿ ಹಿಡಿದು ತೆಗೆದ ಫೋಟೊಗಳು ನೇರ ಕಾರ್ಡ್‌ಗೆ ಹೋಗುವುದಿಲ್ಲ, ಮೊದಲು ಕ್ಯಾಮೆರಾದೊಳಗಿನ ಬಫರ್‌ನಲ್ಲಿ ಸಾಲಾಗಿ ನಿಲ್ಲುತ್ತವೆ, ಅಲ್ಲಿಂದ ಒಂದೊಂದಾಗಿ ಕಾರ್ಡ್‌ಗೆ ಇಳಿಯುತ್ತವೆ. ಸಾಧಾರಣ ಬೆಲೆಯ ಕ್ಯಾಮೆರಾಗಳಲ್ಲಿ ಆ ಜಾಗ ಬಲು ಕಿರಿದು. ಹದ್ದು ಬಂದು ನನ್ನ ಬಫರ್ ತುಂಬಿಸಿ ಹೋಯಿತು, ಹಳೆಯ ಕಾರ್ಡ್ ಆಮೆಯ ಹಾಗೆ ಅದನ್ನು ಇಳಿಸಿಕೊಳ್ಳುತ್ತಿತ್ತು. ಗರುಡ ಬಂದಾಗ ಒಳಗೆ ಜಾಗವಿರಲಿಲ್ಲ. ತೇರಿನ ದಿನ ನಮ್ಮೂರಿಗೆ ಬರುವ ಬಸ್ಸಿನ ಕಥೆಯೇ.

ಇನ್ನೂ ಒಂದು ವಿಷಯ ಗೊತ್ತಾಗಿ ನಾನು ಬೆರಗಾದೆ. ಡಿಎಸ್ಎಲ್ಆರ್‌ನ ಒಳಗೆ ಓರೆಯಾಗಿ ಒಂದು ಕನ್ನಡಿ ಇರುತ್ತದೆ. ಲೆನ್ಸ್‌ನಿಂದ ಬಂದ ಬೆಳಕನ್ನು ಅದು ಮೇಲಕ್ಕೆ ತಿರುಗಿಸಿ ನಮ್ಮ ಕಣ್ಣಿಗೆ ತಲುಪಿಸುತ್ತದೆ. ಶಟರ್ ಒತ್ತಿದಾಗ ಆ ಕನ್ನಡಿ ಮೇಲಕ್ಕೆ ಮಡಚಿಕೊಂಡು ಬೆಳಕಿಗೆ ಸೆನ್ಸರ್‌ನ ದಾರಿ ಬಿಡುತ್ತದೆ. ಅಂದರೆ ಫೋಟೊ ಆಗುವ ಆ ಕ್ಷಣದಲ್ಲಿ ತೆಗೆಯುವವರ ಕಣ್ಣಿಗೆ ಬರೀ ಕತ್ತಲು! ಕ್ಯಾಮೆರಾ ಕಂಡದ್ದನ್ನು ನಾವು ಕಂಡಿರುವುದಿಲ್ಲ, ನಾವು ಕಂಡದ್ದು ಅದಕ್ಕಿಂತ ಹಿಂದಿನದೋ ಮುಂದಿನದೋ. ಇದು ತಿಳಿದ ಮೇಲೆ ‘ನಾನು ಆ ಕ್ಷಣ ಹಿಡಿದೆ’ ಎಂದು ಯಾರಾದರೂ ಹೇಳಿದರೆ ನನಗೆ ಸ್ವಲ್ಪ ನಗು ಬರುತ್ತದೆ.

ಮೊಬೈಲ್‌ಗಳು ಈ ತಾಪತ್ರಯಕ್ಕೆ ಬೇರೆಯೇ ಉಪಾಯ ಕಂಡುಕೊಂಡಿವೆ. ಕಣ್ಣು ಕಂಡದ್ದಕ್ಕೆ ಬೆರಳು ಸ್ಪಂದಿಸಲು ಸೆಕೆಂಡಿನ ಐದನೇ ಒಂದು ಭಾಗವಾದರೂ ಬೇಕು. ಅಷ್ಟರಲ್ಲಿ ಮಗು ಮುಖ ತಿರುಗಿಸಿರುತ್ತದೆ. ಹಾಗಾಗಿ ಈಗಿನ ಬಹುತೇಕ ಫೋನ್‌ಗಳು ನಾವು ಕ್ಯಾಮೆರಾ ತೆರೆದ ಕೂಡಲೇ ನಮ್ಮನ್ನು ಕೇಳದೆ ಚಿತ್ರಗಳನ್ನು ತೆಗೆಯುತ್ತಲೇ ಇರುತ್ತವೆ. ಹೊಸದು ಬಂದಂತೆ ಹಳೆಯದನ್ನು ಅಳಿಸುತ್ತಾ ಹೋಗುತ್ತವೆ. ನಾವು ಬಟನ್ ಒತ್ತಿದಾಗ ಅದಕ್ಕಿಂತ ಒಂದು ಚೂರು ಮೊದಲು ತೆಗೆದಿಟ್ಟದ್ದನ್ನು ‘ತಗೋ, ನಿನ್ನ ಫೋಟೊ’ ಎಂದು ಕೊಡುತ್ತವೆ. ಮೂರನೇ ಸೆಮಿಸ್ಟರ್‌ನ ಡೇಟಾ ಸ್ಟ್ರಕ್ಚರ್ ಲ್ಯಾಬ್‌ನಲ್ಲಿ ನಾವೆಲ್ಲ ಶಾಪ ಹಾಕಿಕೊಂಡು ಬರೆದ ಸರ್ಕ್ಯುಲರ್ ಕ್ಯೂ ಪ್ರೋಗ್ರಾಂ ಇದೆಯಲ್ಲ, ಅದೇ ತತ್ವ ಇದು. ವೈವಾದಲ್ಲಿ ‘ಇದರ ಉಪಯೋಗ ಹೇಳಿ’ ಎಂದಾಗ ನಾನು ಟ್ರಾಫಿಕ್ ಸಿಗ್ನಲ್ ಎಂದಿದ್ದೆ. ಇದು ಗೊತ್ತಿದ್ದರೆ ಇನ್ನೆರಡು ಅಂಕ ಬರುತ್ತಿತ್ತೇನೋ.

ಹೀಗೆ ತಪ್ಪಿದ ಕ್ಷಣಗಳ ಬೆನ್ನು ಹತ್ತಿ ಓದುವಾಗ ಹೋಮೈ ವ್ಯಾರಾವಾಲಾ ಸಿಕ್ಕರು. ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ. 1913ರಲ್ಲಿ ಗುಜರಾತಿನ ನವಸಾರಿಯಲ್ಲಿ ಹುಟ್ಟಿದವರು. ಸೀರೆ ಉಟ್ಟು, ಹೆಗಲಿಗೆ ಭಾರದ ಕ್ಯಾಮೆರಾ ಹಾಕಿಕೊಂಡು ದೆಹಲಿಯ ಗಂಡಸರ ಗುಂಪಿನ ನಡುವೆ ನುಗ್ಗುತ್ತಿದ್ದರು. ಸ್ವಾತಂತ್ರ್ಯ ಬಂದ ದಿನಗಳ ದೆಹಲಿ, ನೆಹರೂ, ಮೌಂಟ್‌ಬ್ಯಾಟನ್ ಎಂದರೆ ನಮ್ಮ ಕಣ್ಣಿಗೆ ಬರುವ ಎಷ್ಟೋ ಕಪ್ಪು ಬಿಳುಪು ಚಿತ್ರಗಳು ಅವರವು. ಹುಟ್ಟಿದ ವರ್ಷ 13, ಪತಿಯನ್ನು ಮೊದಲು ಕಂಡದ್ದು 13ರ ವಯಸ್ಸಿನಲ್ಲಿ, ಕಾರಿನ ನಂಬರ್ ಡಿಎಲ್‌ಡಿ 13. ಹಾಗಾಗಿ ‘ಡಾಲ್ಡಾ 13’ ಎಂದು ತಮಗೆ ತಾವೇ ಹೆಸರಿಟ್ಟುಕೊಂಡಿದ್ದ ಗಟ್ಟಿಗಿತ್ತಿ. 1948ರ ಜನವರಿ 30ರ ಸಂಜೆ ಗಾಂಧೀಜಿಯ ಪ್ರಾರ್ಥನಾ ಸಭೆಗೆಂದು ಅವರು ಹೊರಟಿದ್ದರು. ಅಷ್ಟರಲ್ಲಿ ಪತಿ ಬೇರೆ ಕೆಲಸಕ್ಕೆ ವಾಪಸ್ ಕರೆದರು. ಅರ್ಧ ದಾರಿಯಿಂದ ತಿರುಗಿ ಬಂದರು. ಆ ಸಂಜೆ ಏನಾಯಿತು ಎಂಬುದು ಎಲ್ಲರಿಗೂ ಗೊತ್ತು. ಹೋಮೈ 2012ರವರೆಗೆ, 98 ವರ್ಷ ಬದುಕಿದರು, ಪದ್ಮವಿಭೂಷಣವೂ ಬಂತು. ಆದರೆ ಆ ಸಂಜೆ ಅಲ್ಲಿ ಇಲ್ಲದೆ ಹೋದದ್ದು ಮಾತ್ರ ಕೊನೆಯವರೆಗೂ ಅವರಿಗೆ ಉಳಿದ ಕೊರಗು.

ಇದನ್ನು ಓದಿ ನಾನು ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ. ನಾನು ತಪ್ಪಿಸಿಕೊಂಡ ಗರುಡ ಮುಂದಿನ ವರ್ಷ ಮತ್ತೆ ಬರುತ್ತದೆ. ಅವರದ್ದು ಹಾಗಲ್ಲ. ಆದರೂ ಒಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅಲ್ಲಿದ್ದರೆ ತಾನೇ ಅವರು ಆ ಫೋಟೊ ತೆಗೆಯುತ್ತಿದ್ದರಾ? ಕಣ್ಣ ಮುಂದೆ ಗಾಂಧೀಜಿ ಕುಸಿಯುವಾಗ ಶಟರ್ ಒತ್ತಲು ಬೆರಳು ಏಳುತ್ತಿತ್ತಾ? ಗೊತ್ತಿಲ್ಲ. ಆ ಗುಂಡಿನ ಕ್ಷಣದ ಫೋಟೊ ಯಾರ ಬಳಿಯೂ ಇಲ್ಲ.

ತಮಾಷೆ ನೋಡಿ, ‘ನಿರ್ಣಾಯಕ ಕ್ಷಣ’ ಎಂಬ ಮಾತಿನೊಂದಿಗೆ ಜಗತ್ತು ನೆನೆಯುವ ಫ್ರೆಂಚ್ ಛಾಯಾಗ್ರಾಹಕ ಆನ್ರಿ ಕಾರ್ಟಿಯೆ ಬ್ರೆಸ್ಸೋನ್ ಅದೇ ದಿನ ಗಾಂಧೀಜಿಯನ್ನು ಭೇಟಿಯಾಗಿ ಹೊರಬಂದಿದ್ದರು. ಅವರೂ ಆ ಕ್ಷಣಕ್ಕೆ ಅಲ್ಲಿರಲಿಲ್ಲ. ಸುದ್ದಿ ಕೇಳಿ ಬಿರ್ಲಾ ಹೌಸ್‌ಗೆ ಓಡಿ ಬಂದು, ಗೇಟಿನ ಬಳಿ ನೆಹರೂ ಜನರಿಗೆ ಸಾವಿನ ಸುದ್ದಿ ಹೇಳುತ್ತಿದ್ದುದನ್ನು ತೆಗೆದರು. ಕತ್ತಲು, ಮಸುಕು, ಅಲುಗಾಟ. ನಮ್ಮ ಕಾಲೇಜಿನ ಫೋಟೊಗ್ರಫಿ ಸ್ಪರ್ಧೆಗೆ ಕಳಿಸಿದ್ದರೆ ಮೊದಲ ಸುತ್ತಿನಲ್ಲೇ ಹೊರಗೆ. ಆದರೆ ಆ ರಾತ್ರಿಯ ದುಃಖ ಇರುವುದು ಆ ಮಸುಕಿನಲ್ಲೇ ಎಂದು ನನಗೆ ಅನಿಸುತ್ತದೆ. ‘ನಿರ್ಣಾಯಕ ಕ್ಷಣ’ ಎಂಬುದು 1952ರಲ್ಲಿ ಬಂದ ಅವರ ಪುಸ್ತಕದ ಇಂಗ್ಲಿಷ್ ಹೆಸರು. ಫ್ರೆಂಚ್‌ನಲ್ಲಿ ಇದ್ದ ಹೆಸರಿಗೆ ಅರ್ಥ ಬೇರೆ: ಅವಸರದಲ್ಲಿ, ಕದ್ದು ಮುಚ್ಚಿ ತೆಗೆದ ಚಿತ್ರಗಳು ಎಂಬಂತೆ. ನನಗೆ ಎರಡನೆಯದೇ ಹೆಚ್ಚು ಪ್ರಾಮಾಣಿಕ ಅನಿಸಿತು.

ತಪ್ಪಿದ್ದು ಹಾಗಿರಲಿ, ಕೇಳದೆಯೇ ಸಿಕ್ಕಿದ್ದೂ ಇವೆ. 1838ರಲ್ಲಿ ಪ್ಯಾರಿಸ್‌ನಲ್ಲಿ ಲೂಯಿ ಡಾಗೇರ್ ಒಂದು ಬೀದಿಯ ಫೋಟೊ ತೆಗೆದ. ಆಗ ಒಂದು ಫೋಟೊಗೆ ನಿಮಿಷಗಟ್ಟಲೆ ಬೆಳಕು ಬೇಕಿತ್ತು. ಗಾಡಿ, ಕುದುರೆ, ಜನ ಎಲ್ಲ ಓಡಾಡುತ್ತಿದ್ದರೂ ಯಾವುದೂ ಒಂದು ಕಡೆ ನಿಲ್ಲದ ಕಾರಣ ಚಿತ್ರದಲ್ಲಿ ಬೀದಿ ಖಾಲಿ. ಮೂಲೆಯಲ್ಲಿ ಒಬ್ಬ ಮಾತ್ರ ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತಾ ನಿಂತಿದ್ದ. ಅವನು ಉಳಿದ. ಫೋಟೊದಲ್ಲಿ ಮನುಷ್ಯ ಕಾಣಿಸಿಕೊಂಡ, ನಮಗೆ ಗೊತ್ತಿರುವ ಅತ್ಯಂತ ಹಳೆಯ ಉದಾಹರಣೆ ಅದೇ. ಪಾಪ, ಅವನಿಗೆ ತಾನು ಇತಿಹಾಸಕ್ಕೆ ಸೇರಿದ್ದೇನೆ ಎಂಬುದು ತಿಳಿದೇ ಇರಲಿಲ್ಲ. ಬೂಟು ಹೊಳೆಯುತ್ತಿದೆಯಾ ಇಲ್ಲವಾ ಎಂಬುದಷ್ಟೇ ಅವನ ಚಿಂತೆ ಇದ್ದಿರಬೇಕು.

ಇನ್ನೊಂದು, 1968ರ ಡಿಸೆಂಬರ್ 24. ಅಪೊಲೊ 8ರಲ್ಲಿ ಮೂವರು ಗಗನಯಾತ್ರಿಗಳು ಚಂದ್ರನನ್ನು ಸುತ್ತುತ್ತಿದ್ದರು. ಅವರಿಗೆ ಒಪ್ಪಿಸಿದ್ದ ಕೆಲಸ ಚಂದ್ರನ ನೆಲದ ಫೋಟೊ ತೆಗೆಯುವುದು. ಮೊದಲ ಮೂರು ಸುತ್ತಿನಲ್ಲಿ ನೌಕೆ ತಿರುಗಿಕೊಂಡಿದ್ದ ರೀತಿಯಿಂದಾಗಿ ಭೂಮಿ ಮೇಲೆದ್ದು ಬರುವುದು ಅವರ ಕಣ್ಣಿಗೇ ಬಿದ್ದಿರಲಿಲ್ಲ. ನಾಲ್ಕನೇ ಸುತ್ತಿನಲ್ಲಿ ನೌಕೆ ಹೊರಳುವಾಗ ಕಿಟಕಿಯಲ್ಲಿ ನೀಲಿ ಭೂಮಿ. ಬಿಲ್ ಆ್ಯಂಡರ್ಸ್ ಕೈಯಲ್ಲಿದ್ದ ಕ್ಯಾಮೆರಾದಲ್ಲಿ ಕಪ್ಪು ಬಿಳುಪು ರೋಲ್. ಒಂದು ತೆಗೆದು, ಕಲರ್ ರೋಲ್ ಕೊಡು ಬೇಗ ಎಂದು ಪಕ್ಕದವರನ್ನು ಅವಸರ ಮಾಡಿ ಹಾಕಿಕೊಂಡು ತೆಗೆದದ್ದು ‘ಅರ್ಥ್‌ರೈಸ್’. ಅಲ್ಲಿಯತನಕ ಹೋಗಿದ್ದು ಚಂದ್ರನಿಗಾಗಿ, ತಂದದ್ದು ಭೂಮಿಯನ್ನು. ಅವರು ಬಳಸಿದ್ದೂ 250 ಮಿ.ಮೀ. ಲೆನ್ಸ್. ನನ್ನದೂ 250. ನಮ್ಮಿಬ್ಬರ ನಡುವಿನ ಹೋಲಿಕೆ ಅಲ್ಲಿಗೆ ಮುಗಿಯುತ್ತದೆ.

ಹಾಗೆಂದು ಎಲ್ಲವನ್ನೂ ಅದೃಷ್ಟದ ಮೇಲೆ ಹಾಕುವಂತಿಲ್ಲ. 2020ರಲ್ಲಿ ಕಬಿನಿಯ ಕಾಡಿನ ಒಂದು ಫೋಟೊ ಎಲ್ಲರ ಮೊಬೈಲ್‌ನಲ್ಲೂ ಓಡಾಡಿದ್ದು ನಿಮಗೆ ನೆನಪಿರಬಹುದು. ಚಿರತೆ, ಅದರ ಬೆನ್ನ ಹಿಂದೆ ನೆರಳಿನ ಹಾಗೆ ಕರಿಚಿರತೆ. ಅದನ್ನು ತೆಗೆದ ಮಿಥುನ್ ಎಚ್. ಒಂದೇ ಜಾಗದಲ್ಲಿ ಆರು ದಿನ ಕಾದಿದ್ದರು. ಆರು ದಿನ! ನಾನು ಅರ್ಧ ಗಂಟೆ ಬಿಸಿಲಲ್ಲಿ ನಿಂತು, ಮೊದಲು ಕಂಡ ಹದ್ದಿಗೇ ಬಫರ್ ಖಾಲಿ ಮಾಡಿಕೊಂಡವಳು.

ಇಷ್ಟೆಲ್ಲ ಓದಿದೆನೇ ಹೊರತು ತೇರಿನ ದಿನದ ನನ್ನ ಫೋಟೊಗಳನ್ನು ನಾನು ಸರಿಯಾಗಿ ನೋಡಿರಲೇ ಇಲ್ಲ. ಕ್ಯಾಮೆರಾ ವಾಪಸ್ ಕೊಡುವ ಮುನ್ನ ಕಾರ್ಡ್‌ನಲ್ಲಿದ್ದುದನ್ನೆಲ್ಲ ಲ್ಯಾಪ್‌ಟಾಪ್‌ಗೆ ಸುರಿದು, ಫೋಲ್ಡರ್‌ಗೆ ‘ಜಾತ್ರೆ ವೇಸ್ಟ್’ ಎಂದು ಹೆಸರಿಟ್ಟಿದ್ದೆ. ಆಗಸ್ಟ್‌ನಲ್ಲಿ ಯಾವುದೋ ಸಾಫ್ಟ್‌ವೇರ್ ಹಾಕಲು ಜಾಗ ಸಾಲದೆ ಆ ಫೋಲ್ಡರ್ ಅಳಿಸಲು ಹೋಗಿದ್ದೆ. ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಅವತ್ತು ಮೆಸ್‌ನಲ್ಲಿ ಪೂರಿ. ಮೆಸ್‌ನವರಿಗೆ ನಾನು ಜೀವನಪೂರ್ತಿ ಋಣಿ.

ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ಐದೂಮುಕ್ಕಾಲಿಗೆ ಅಪ್ಪನ ಫೋನ್. ಅಷ್ಟು ಹೊತ್ತಿಗೆ ಅಪ್ಪ ಯಾವತ್ತೂ ಫೋನ್ ಮಾಡುವವರಲ್ಲ. “ಅಜ್ಜಿ ಹೋಗ್ಬಿಡ್ತು ಕಣವ್ವ” ಎಂದರು. ರಾತ್ರಿ ಮಲಗಿದವಳು ಏಳಲಿಲ್ಲವಂತೆ.

ಮಣ್ಣು ಮುಗಿದ ಮೂರನೇ ದಿನಕ್ಕೆ ಫೋಟೊದ ಮಾತು ಬಂತು. ಹನ್ನೊಂದರ ತಿಥಿಗೆ ಹಾರ ಹಾಕಲು ಅಜ್ಜಿಯದೊಂದು ಫೋಟೊ ಬೇಕು. “ನಿನ್ನ ಮೊಬೈಲ್‌ನಾಗೆ ಇದ್ದೇ ಇರ್ತದೆ ನೋಡು” ಎಂದರು ದೊಡ್ಡಪ್ಪ. ನೋಡಿದೆ. ನಾಲ್ಕು ಸಾವಿರದ ಚಿಲ್ಲರೆ ಫೋಟೊ. ಹಾಸ್ಟೆಲ್‌ನ ಬೆಕ್ಕಿನದ್ದೇ ಅರವತ್ತಮೂರು. ಕ್ಯಾಂಟೀನ್ ದೋಸೆ, ಬೋರ್ಡ್ ಮೇಲಿನ ನೋಟ್ಸ್, ಅಸೈನ್‌ಮೆಂಟ್‌ನ ಸ್ಕ್ರೀನ್‌ಶಾಟ್. ಅಜ್ಜಿ ಇದ್ದದ್ದು ಮೂರರಲ್ಲಿ. ಒಂದರಲ್ಲಿ ಮುಖಕ್ಕೆ ಸೆರಗು, ಒಂದರಲ್ಲಿ ಹುಲ್ಲು ಹೊತ್ತು ಹೋಗುತ್ತಿರುವ ಬೆನ್ನು, ಇನ್ನೊಂದರಲ್ಲಿ ‘ಬ್ಯಾಡ’ ಎಂದು ಮುಂದೆ ಚಾಚಿದ ಅಂಗೈ ಮಾತ್ರ. ಫೋಟೊ ತೆಗೆಸಿಕೊಂಡರೆ ಆಯಸ್ಸು ಕಡಿಮೆಯಾಗುತ್ತದೆ ಎಂದು ಅವಳ ಕಾಲದವರು ನಂಬಿದ್ದರು. ಅಜ್ಜಿಗೆ ಅದಕ್ಕಿಂತ ಹೆಚ್ಚಾಗಿ ಹಲ್ಲಿನ ನಾಚಿಕೆ ಇತ್ತು ಎಂಬುದು ನನ್ನ ಅನುಮಾನ. “ನನ್ ಮೂತಿ ಏನ್ ತಗೀತೀಯ, ಆ ಕರೀನ್ ತಗಿ, ಹೆಂಗೈತೆ ನೋಡು” ಎಂದು ಪ್ರತಿ ಸಲ ಕರುವಿನ ಕಡೆ ಕೈ ತೋರಿಸುತ್ತಿದ್ದಳು. ನಾನೂ ಕರುವನ್ನೇ ತೆಗೆದಿದ್ದೆ. ನಾನು ಇನ್ನೊಂದು ಸಲ ಕೇಳಬಹುದಿತ್ತು.

ಉಳಿದದ್ದು ಆಧಾರ್ ಕಾರ್ಡ್. ನಮ್ಮ ಕಡೆ ಎಷ್ಟೋ ಮನೆಗಳ ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ನಿಂತಿರುವುದು ಆಧಾರ್ ಕಾರ್ಡಿನ ಚಿತ್ರವೇ. ಅದನ್ನು ದೊಡ್ಡದು ಮಾಡಿ ನೋಡಿದರೆ ಅಜ್ಜಿ ಯಾವುದೋ ಕೇಸಿನಲ್ಲಿ ಹಿಡಿದು ತಂದವಳ ಹಾಗೆ ಕಣ್ಣು ಬಿಟ್ಟುಕೊಂಡಿದ್ದಳು. ಅಪ್ಪ ಅದನ್ನು ನೋಡಿ ಏನೂ ಹೇಳದೆ ಹಟ್ಟಿ ಕಡೆ ಎದ್ದು ಹೋದರು.

ಅವತ್ತು ರಾತ್ರಿ ನಿದ್ದೆ ಬಾರದೆ ಲ್ಯಾಪ್‌ಟಾಪ್ ತೆರೆದೆ. ತೇರಿನ ದಿನ ಅವಳು ಜಗುಲಿಯ ಮೇಲಿದ್ದಳಲ್ಲ, ಜನರ ನಡುವೆ ಎಲ್ಲಾದರೂ ಸಣ್ಣದಾಗಿ ಸಿಕ್ಕಿರಬಹುದು ಎಂಬ ಆಸೆ. ‘ಜಾತ್ರೆ ವೇಸ್ಟ್’. ತೇರು, ಹೂವು, ಹಗ್ಗ, ಹದ್ದು, ಹದ್ದು, ಹದ್ದು. ಕೊನೆಯ ಹದ್ದಿನ ಫೋಟೊ ಆದದ್ದು 12 ಗಂಟೆ 47 ನಿಮಿಷದ ಹೊತ್ತಿಗೆ. ಅದಾಗಿ ಒಂಬತ್ತು ಸೆಕೆಂಡ್ ಖಾಲಿ. ನನ್ನ ಕ್ಯಾಮೆರಾ ಬ್ಯುಸಿ ಇದ್ದ ಒಂಬತ್ತು ಸೆಕೆಂಡ್. ಆಮೇಲೆ ಎರಡು ಫೋಟೊ. ಮೊದಲನೆಯದು ಯಾರದೋ ಬಿಳಿ ಅಂಗಿಯ ಭುಜ. ಎರಡನೆಯದು ಅಜ್ಜಿ.

ಚಿತ್ರ ಸೊಟ್ಟಗಿತ್ತು. ಆದರೆ ಅಜ್ಜಿಯ ಮುಖ, ಕತ್ತು, ಒಂದು ಭುಜ ಫ್ರೇಮಿನ ತುಂಬಾ. ಗರುಡ ನೋಡಲು ಅವಳು ನೆರಳು ಬಿಟ್ಟು ಜಗುಲಿಯ ಅಂಚಿಗೆ ಬಂದಿದ್ದಳು. ಬಿಸಿಲಿಗೆ ಅಡ್ಡವಾಗಿ ಹಣೆಯ ಮೇಲೆ ಅಂಗೈ. ಅಂಗೈ ನೆರಳು ಮೂಗಿನ ತನಕ, ಅದರ ಕೆಳಗೆಲ್ಲ ಬೆಳಕು. ಬಾಯಿ ಅರ್ಧ ತೆರೆದಿದೆ. ಎರಡು ಹಲ್ಲಿಲ್ಲದ ಜಾಗ ಕಾಣುತ್ತಿದೆ, ಸೆರಗು ಅಡ್ಡ ಬಂದಿಲ್ಲ. ಓಲೆ ಮಿಂಚುತ್ತಿದೆ. ಕೆಳಗಿನ ಮೂಲೆಯಲ್ಲಿ ದವನದ ಒಂದು ಕುಡಿ. ಹಿಂದಿನ ಗೋಡೆ, ಜನ ಎಲ್ಲ ಮಸುಕು.

ಯಾಕೆ ಹೀಗೆ ಬಂತು ಎಂದು ಈಗ ಬಿಡಿಸಿ ಹೇಳಬಲ್ಲೆ. ಹಾರುವ ಹಕ್ಕಿಗೆಂದು ಫೋಕಸ್ ತಾನೇ ಬದಲಾಗುತ್ತಿರುವ ಹಾಗೆ ಇಟ್ಟಿದ್ದೆ, ಜೂಮ್ ಪೂರ್ತಿ 250ರಲ್ಲಿತ್ತು, ಇಪ್ಪತ್ತು ಅಡಿ ದೂರದ ಮುಖಕ್ಕೆ ಅದು ಹೇಳಿ ಮಾಡಿಸಿದ ಅಳತೆ. ಬೆರಳು ಶಟರ್ ಬಿಟ್ಟಿರಲಿಲ್ಲ. ಬಫರ್‌ನಲ್ಲಿ ಜಾಗವಾದ ಕೂಡಲೇ ಕ್ಯಾಮೆರಾ ಎದುರಿಗೆ ಏನಿತ್ತೋ ಅದನ್ನು ತೆಗೆದುಕೊಂಡಿತು. ಲೆಕ್ಕವೆಲ್ಲ ಸರಿ. ಆದರೆ ಆ ರಾತ್ರಿ ನಡುಮನೆಯಲ್ಲಿ ಎಲ್ಲರೂ ಮಲಗಿರುವಾಗ ಪರದೆಯ ಮೇಲೆ ಆ ಮುಖ ನೋಡುತ್ತಾ ನನಗೆ ಯಾವ ಲೆಕ್ಕವೂ ನೆನಪಾಗಲಿಲ್ಲ. ಅವಳು ಬದುಕಿದ್ದಾಗ ಅವಳ ಮುಖವನ್ನು ನಾನು ಅಷ್ಟು ಹೊತ್ತು ನೋಡಿರಲಿಲ್ಲ.

ಬೆಳಿಗ್ಗೆ ಅಪ್ಪನ ಜೊತೆ ಪೇಟೆಯ ಸ್ಟುಡಿಯೊಗೆ ಹೋದೆ. ಅವರು ಫೋಟೊ ನೋಡಿ, “ಚೆನ್ನಾಗಿದೆ. ಆದ್ರೆ ಹಾರ ಹಾಕೋ ಫೋಟೊ ನೇರ ನೋಡ್ಬೇಕಲ್ಲಮ್ಮ. ಕೈ ಬೇರೆ ಅಡ್ಡ ಇದೆ” ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ, ದಿನಾ ಇದೇ ಕೆಲಸ ಮಾಡುವವರು. ಈಗ ಎಐ ಬಂದಿದೆ, ಐದು ನಿಮಿಷ ಎಂದು ಕೂತರು. ನಮ್ಮ ಕಣ್ಣೆದುರಿಗೇ ಅಜ್ಜಿಯ ಕೈ ಮಾಯವಾಯಿತು. ಕಣ್ಣು ಕೆಳಗಿಳಿದು ನಮ್ಮನ್ನು ನೋಡಿದವು. ಬಾಯಿ ಮುಚ್ಚಿಕೊಂಡಿತು. ಹಿಂದೆ ನೀಲಿ ಬಣ್ಣ, ಮೈಮೇಲೆ ಜರಿಯಂಚಿನ ರೇಷ್ಮೆ ಸೀರೆ. ಚರ್ಮದ ಸುಕ್ಕೂ ಹತ್ತು ವರ್ಷದಷ್ಟು ಕಡಿಮೆಯಾಗಿತ್ತು. ಅಪ್ಪ ಎರಡೂ ಇರಲಿ, ಮನೆಯಲ್ಲಿ ಕೇಳುತ್ತೇನೆ ಎಂದರು.

ಮನೆಯಲ್ಲಿ ದೊಡ್ಡಪ್ಪನಿಗೆ ಎಐ ಮಾಡಿದ್ದೇ ಹಿಡಿಸಿತು. “ದೀಪ ಹಚ್ಚಿ ಕೈ ಮುಗಿದಾಗ ಅವ್ವ ನಮ್ಮನ್ ನೋಡ್ಬೇಕು. ಎತ್ಲಾಗೋ ನೋಡ್ಕೊಂಡಿದ್ರೆ ಹೆಂಗೆ?” ಎಂದರು. ಅದೂ ನಿಜ ಅನಿಸಿತು ನನಗೆ. ಅವ್ವನ ಮೈಮೇಲೆ ಒಂದು ಒಳ್ಳೆ ರೇಷ್ಮೆ ಸೀರೆ ನೋಡುವ ಆಸೆಯೂ ಅವರಿಗಿದ್ದಿರಬೇಕು. ಅತ್ತೆ ಮಾತ್ರ ಆ ಫೋಟೊ ಕೈಗೆ ತೆಗೆದುಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, “ಇದ್ಯಾರು?” ಎಂದರು. ಯಾರೂ ಉತ್ತರ ಕೊಡಲಿಲ್ಲ. ಅಪ್ಪ ಇಷ್ಟು ಹೊತ್ತೂ ಸುಮ್ಮನಿದ್ದವರು, “ಹಲ್ ಕಾಣ್ತೈತಲ್ಲ, ಅದು ಇರ್ಲಿ” ಎಂದರು. ಅಷ್ಟೇ ಹೇಳಿದ್ದು.

ಹಾಗಾಗಿ ದೊಡ್ಡಪ್ಪನ ಮನೆಯಲ್ಲಿ ರೇಷ್ಮೆ ಸೀರೆಯ ಅಜ್ಜಿ ಇದ್ದಾಳೆ, ನಮ್ಮ ಮನೆಯಲ್ಲಿ ಸೊಟ್ಟಗಿನ ಅಜ್ಜಿ. ಸ್ಟುಡಿಯೊದವರು ಸೊಟ್ಟ ತಿದ್ದಲು ಚಿತ್ರವನ್ನು ತಿರುಗಿಸಿ ಕತ್ತರಿಸಿದಾಗ ದವನದ ಕುಡಿ ಹೊರಗೆ ಹೋಗುತ್ತಿತ್ತು. ಬೇಡ, ಹಾಗೇ ಇರಲಿ ಎಂದೆ.

ನಡುಮನೆಯ ಬಾಗಿಲ ಮೇಲೆ ಅದನ್ನು ಹಾಕಿದ್ದೇವೆ. ಬಂದವರು ಅದನ್ನು ನೋಡುತ್ತಾರೆ. ನೋಡಿದವರು ಹಾಗೇ ತಲೆ ಎತ್ತಿ ಅವಳು ನೋಡುತ್ತಿರುವ ಕಡೆಗೇ ನೋಡುತ್ತಾರೆ. ಅಲ್ಲಿರುವುದು ನಮ್ಮ ಮನೆಯ ಹೆಂಚು, ಒಂದು ಜೇಡರ ಬಲೆ. ಮೊನ್ನೆ ತೆಂಗಿನಕಾಯಿ ವ್ಯಾಪಾರಕ್ಕೆ ಬಂದವರೊಬ್ಬರು ಕಾಫಿ ಲೋಟ ಹಿಡಿದುಕೊಂಡು ಎರಡೆರಡು ಸಲ ಮೇಲೆ ನೋಡಿ, “ಅಜ್ಜಮ್ಮ ಏನ್ ನೋಡ್ತಾ ಅವ್ರೆ?” ಎಂದು ಕೇಳಿದರು.

“ಗರುಡ” ಎಂದರು ಅಪ್ಪ, ಲೆಕ್ಕದ ಚೀಟಿಯಿಂದ ತಲೆ ಎತ್ತದೆ.